ಕ್ರಯಪತ್ರದ ಹೆಬ್ಬೆಟ್ಟು ಬ್ಯಾಂಕ್ ಖಾತೆಗೆ ಕೀಲಿಯಾದದ್ದು ಹೇಗೆ?

2023ರಲ್ಲಿ ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಒಂದು ವಿಚಿತ್ರ ಥರದ ದೂರು ಮೇಲಿಂದ ಮೇಲೆ ಬರತೊಡಗಿತು. ಖಾತೆಯಿಂದ ಹಣ ಹೋಗಿದೆ. ಆದರೆ ಕಳೆದುಕೊಂಡವರು ಯಾರಿಗೂ ಒಟಿಪಿ ಹೇಳಿಲ್ಲ. ಯಾವ ಲಿಂಕನ್ನೂ ಒತ್ತಿಲ್ಲ. ಎಟಿಎಂ ಕಾರ್ಡ್ ಪರ್ಸಿನಲ್ಲೇ ಇದೆ. 'ಬ್ಯಾಂಕಿಂದ ಮಾತಾಡ್ತಿದ್ದೀವಿ ಸಾರ್' ಎಂಬ ಫೋನೂ ಬಂದಿಲ್ಲ. ಬಂದದ್ದು ಒಂದು ಮೆಸೇಜ್ ಮಾತ್ರ: ಆಧಾರ್ ಮೂಲಕ ನಿಮ್ಮ ಖಾತೆಯಿಂದ ಹಣ ಡ್ರಾ ಆಗಿದೆ.

ದೂರು ಕೊಟ್ಟವರಲ್ಲಿ ಹಲವರಿಗೆ ಒಂದು ಸಮಾನ ಸಂಗತಿ ಇತ್ತು. ಅವರು ಸ್ವಲ್ಪ ದಿನದ ಹಿಂದಷ್ಟೇ ಸೈಟೋ, ಫ್ಲಾಟೋ, ಮನೆಯೋ ರಿಜಿಸ್ಟರ್ ಮಾಡಿಸಿದ್ದರು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬೆರಳಚ್ಚು ಕೊಟ್ಟಿದ್ದರು. ಆ ಬೆರಳಚ್ಚು ಇದ್ದ ಕ್ರಯಪತ್ರವನ್ನು ಯಾರೋ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಇಳಿಸಿಕೊಂಡು, ಅದರ ಅಚ್ಚು ತಯಾರಿಸಿ, ಎಲ್ಲೋ ದೂರದ ಊರಿನ ಒಂದು ಪುಟ್ಟ ಯಂತ್ರದ ಮೇಲೆ ಒತ್ತಿ ಹಣ ತೆಗೆದಿದ್ದರು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಬೆಂಗಳೂರು ಪೊಲೀಸರು ಬಿಹಾರದ ಕೆಲವರನ್ನು ಬಂಧಿಸಿದರು.

ಆನ್‌ಲೈನ್ ಖಾಸಗಿತನದ ಬಗ್ಗೆ ಮಾತು ಬಂದಾಗ ನಮಗೆ ಸಿಗುವ ಬುದ್ಧಿವಾದ ಯಾವಾಗಲೂ ಒಂದೇ. ಪಾಸ್‌ವರ್ಡ್ ಗಟ್ಟಿ ಇಟ್ಟುಕೊಳ್ಳಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಒಟಿಪಿ ಹೇಳಬೇಡಿ. ಎಲ್ಲವೂ ಸರಿಯಾದ ಮಾತುಗಳೇ. ಆದರೆ ಈ ಜನ ಅದೆಲ್ಲ ಪಾಲಿಸಿದ್ದರು. ಅವರು ಮಾಡಿದ 'ತಪ್ಪು' ಅಂದರೆ ಕಾನೂನು ಹೇಳಿದಂತೆ ಆಸ್ತಿ ನೋಂದಣಿ ಮಾಡಿಸಿದ್ದು. ಹಾಗಾಗಿ ನನಗೆ ಈ ಪ್ರಕರಣ ಬೇರೆ ಎಲ್ಲ ಡೇಟಾ ಸೋರಿಕೆಗಳಿಗಿಂತ ಮುಖ್ಯ ಅನ್ನಿಸುತ್ತದೆ. ಎಚ್ಚರ ತಪ್ಪಿದವರ ಕಥೆ ಇದಲ್ಲ.

ಎಲ್ಲರೂ ಸರಿಯಾಗಿಯೇ ಮಾಡಿದ್ದರು

ಕ್ರಯಪತ್ರದ ಮೇಲೆ ಬೆರಳಚ್ಚು ಯಾಕೆ ಬೇಕು? 1908ರ ನೋಂದಣಿ ಕಾಯ್ದೆಗೆ 2001ರಲ್ಲಿ 32ಎ ಎಂಬ ಸೆಕ್ಷನ್ ಸೇರಿತು. ದಸ್ತಾವೇಜಿಗೆ ಪಾಸ್‌ಪೋರ್ಟ್ ಅಳತೆಯ ಫೋಟೋ ಮತ್ತು ಬೆರಳಚ್ಚು ಹಾಕಬೇಕು ಅಂತ ಅದು ಹೇಳುತ್ತದೆ. ಆಸ್ತಿ ವರ್ಗಾವಣೆ ಆದರೆ ಕೊಳ್ಳುವವರದ್ದೂ ಬೇಕು, ಮಾರುವವರದ್ದೂ ಬೇಕು. ಉದ್ದೇಶ ಒಳ್ಳೆಯದೇ. ಯಾರದೋ ಸೈಟನ್ನು ಇನ್ಯಾರೋ ನಾನೇ ಮಾಲೀಕ ಅಂತ ಬಂದು ಮಾರಿಬಿಡುವುದು ಬೆಂಗಳೂರಿನವರಿಗೆ ಹೊಸ ವಿಷಯವೇನಲ್ಲ. ನಾಳೆ ಕೋರ್ಟಿಗೆ ಹೋದರೆ ಬಂದಿದ್ದವನು ಇವನೇನಾ ಅಂತ ತೋರಿಸಲು ಬೆರಳಚ್ಚು ಬೇಕು.

ಆ ಪತ್ರ ಬೇರೆಯವರ ಕೈಗೆ ಸಿಗುವುದು ಯಾಕೆ? ಅದಕ್ಕೂ ಕಾರಣ ಇದೆ. ಅದೇ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿಯ ದಸ್ತಾವೇಜುಗಳನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಸೈಟು ಕೊಳ್ಳುವ ಮುಂಚೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಹಿಂದಿನ ಪತ್ರಗಳನ್ನೆಲ್ಲ ಲಾಯರ್ ಕೈಯಲ್ಲಿ ನೋಡಿಸುತ್ತೇವೆ ಅಲ್ವಾ? ಈ ಬಾಗಿಲು ತೆರೆದಿರುವುದರಿಂದಲೇ ಅದು ಸಾಧ್ಯ. ಆಸ್ತಿ ದಾಖಲೆ ಗುಟ್ಟಾದರೆ ಮೋಸ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಕಾವೇರಿ 2.0 ಬಂದದ್ದು 2023ರಲ್ಲಿ. ಅರ್ಜಿ, ಶುಲ್ಕ, ಸಮಯ ಗೊತ್ತು ಮಾಡಿಕೊಳ್ಳುವುದು, ಇಸಿ, ನಕಲು ಎಲ್ಲವೂ ಆನ್‌ಲೈನ್. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಅರ್ಧ ದಿನ ಕಾದು, ಮಧ್ಯವರ್ತಿಗೆ ಒಂದಿಷ್ಟು ಕೊಟ್ಟು ಕೆಲಸ ಮಾಡಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಇದರಲ್ಲೂ ತಪ್ಪೇನಿಲ್ಲ.

ಇನ್ನು ಹಣ ಹೋದ ದಾರಿ. ಅದರ ಹೆಸರು ಎಇಪಿಎಸ್. ಆಧಾರ್ ಮೂಲಕ ಹಣ ಪಾವತಿಯ ಈ ವ್ಯವಸ್ಥೆಯನ್ನು ನಡೆಸುವುದು ಎನ್‌ಪಿಸಿಐ, ಅಂದರೆ ಯುಪಿಐ ನಡೆಸುವ ಸಂಸ್ಥೆಯೇ. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರು ಒಂದು ಪುಟ್ಟ ಯಂತ್ರ ಇಟ್ಟುಕೊಂಡಿರುತ್ತಾರೆ. ಆಧಾರ್ ಸಂಖ್ಯೆ ಹೇಳಬೇಕು, ಬ್ಯಾಂಕಿನ ಹೆಸರು ಹೇಳಬೇಕು, ಬೆರಳಿಡಬೇಕು. ಹಣ ಕೈಗೆ ಬರುತ್ತದೆ. ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ಒಂದು ಸಲಕ್ಕೆ ಹತ್ತು ಸಾವಿರ ರೂಪಾಯಿವರೆಗೆ ತೆಗೆಯಬಹುದು. ಓದು ಬರಹ ಬಾರದ ಅಜ್ಜಿಗೆ ಪಿಂಚಣಿ ಹಣ ತೆಗೆಯಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ನಗರದವರು ಇದನ್ನು ಬಳಸುವುದು ಅಪರೂಪ. ಆದರೆ ಆಧಾರ್ ಜೋಡಿಸಿದ ಖಾತೆ ಇದ್ದರೆ ಈ ಬಾಗಿಲು ಸಾಮಾನ್ಯವಾಗಿ ಅವರ ಖಾತೆಗೂ ತೆರೆದೇ ಇರುತ್ತದೆ. ಬೇಕಾ, ಬೇಡವಾ ಅಂತ ಅವರನ್ನು ಯಾರೂ ಕೇಳಿರುವುದಿಲ್ಲ.

ಈಗ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಕ್ರಯಪತ್ರದಲ್ಲಿ ಗುರುತಿಗಾಗಿ ಆಧಾರ್ ಸಂಖ್ಯೆ ಇದೆ. ಪಕ್ಕದಲ್ಲೇ ಬೆರಳಚ್ಚು. ಹಣ ತೆಗೆಯಲು ಬೇಕಾದ್ದೂ ಇವೇ ಎರಡು. ಬಾಕಿ ಉಳಿದದ್ದು ಬ್ಯಾಂಕಿನ ಹೆಸರು. ಅದನ್ನು ಊಹಿಸುವುದು ಕಷ್ಟವಲ್ಲ. ದೊಡ್ಡ ಬ್ಯಾಂಕುಗಳ ಪಟ್ಟಿಯನ್ನು ಒಂದೊಂದಾಗಿ ಪ್ರಯತ್ನಿಸಿದರೂ ಆಯಿತು.

2001ರಲ್ಲಿ ಕ್ರಯಪತ್ರದ ಮೇಲಿನ ಹೆಬ್ಬೆಟ್ಟು ಬರೀ ಗುರುತು. ಅದನ್ನು ಕದ್ದರೂ ಕಳ್ಳನಿಗೆ ಏನೂ ಗಿಟ್ಟುತ್ತಿರಲಿಲ್ಲ. ಆಮೇಲೆ ಬೇರೆ ಯಾವುದೋ ಸಂಸ್ಥೆ ಅದೇ ಹೆಬ್ಬೆಟ್ಟನ್ನು ಖಾತೆಯ ಕೀಲಿ ಮಾಡಿತು. ಅಂದಿನಿಂದ ನೋಂದಣಿ ಇಲಾಖೆಯ ಕಪಾಟಿನಲ್ಲಿದ್ದ ಪ್ರತಿ ಕಡತವೂ ಕೀಲಿಗಳ ಗೊಂಚಲಾಯಿತು. ಇಲಾಖೆಗೆ ಇದು ಹೊಳೆಯಲಿಲ್ಲ. ಹಣ ಪಾವತಿ ವ್ಯವಸ್ಥೆ ಕಟ್ಟಿದವರೂ ನೋಂದಣಿ ಕಚೇರಿಯತ್ತ ತಿರುಗಿ ನೋಡಲಿಲ್ಲ. ಒಂದು ಮಾಹಿತಿ ಅಪಾಯಕಾರಿಯೋ ಅಲ್ಲವೋ ಅನ್ನುವುದು ಕೊಡುವ ದಿನ ತೀರ್ಮಾನ ಆಗುವುದಿಲ್ಲ. ಮುಂದೆ ಬೇರೆಯವರು ಅದರ ಜೊತೆ ಏನನ್ನು ಜೋಡಿಸುತ್ತಾರೆ ಅನ್ನುವುದರ ಮೇಲೆ ಅದು ನಿಂತಿದೆ. 'ನನ್ನ ಹತ್ತಿರ ಮುಚ್ಚಿಡುವಂಥದ್ದೇನಿದೆ ಬಿಡಿ' ಅನ್ನುವ ಮಾತಿಗೆ ಉತ್ತರ ಇಲ್ಲಿದೆ.

ಹೊಳೆಯಲಿಲ್ಲ ಅಂದೆ. ಹೊಳೆಯಬೇಕಿತ್ತು. 2018ರಲ್ಲಿ ಪಕ್ಕದ ತೆಲಂಗಾಣದಲ್ಲಿ ಒಬ್ಬ ಸಿಮ್ ಮಾರುವವನು ಅಲ್ಲಿನ ನೋಂದಣಿ ಇಲಾಖೆಯ ವೆಬ್‌ಸೈಟಿನಿಂದ ಆಸ್ತಿ ಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚಿನಿಂದ ರಬ್ಬರ್ ಅಚ್ಚು ಮಾಡಿ, ಸಾವಿರಾರು ಸಿಮ್ ಕಾರ್ಡ್‌ಗಳನ್ನು ಚಾಲೂ ಮಾಡಿದ್ದ. ಅವನಿಗೆ ಬೇಕಿದ್ದದ್ದು ಮಾರಾಟದ ಗುರಿ ಮುಟ್ಟುವುದು. ಅದೇ ಉಪಾಯ, ಅದೇ ಥರದ ವೆಬ್‌ಸೈಟ್. ಐದು ವರ್ಷ ಕಳೆದ ಮೇಲೆ ಬೆಂಗಳೂರಿನಲ್ಲಿ ಅದು ಮತ್ತೆ ನಡೆಯಿತು.

ದೂರುಗಳು ಬಂದ ಮೇಲೆ ಕರ್ನಾಟಕದಲ್ಲಿ ಆನ್‌ಲೈನ್ ನಕಲಿನಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕಾಣದಂತೆ ಮಾಡುವ ಕೆಲಸ ಆಯಿತು. ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ಅದೇ ವರ್ಷ ಫೆಬ್ರುವರಿಯಲ್ಲೇ ಬೆರಳು ನಿಜವಾದದ್ದೋ ಅಚ್ಚೋ ಎಂದು ಗುರುತಿಸುವ ಹೊಸ ತಂತ್ರಾಂಶವನ್ನು ಪ್ರಕಟಿಸಿತ್ತು. ಎಇಪಿಎಸ್ ಯಂತ್ರ ಇಟ್ಟುಕೊಂಡವರನ್ನು ಬ್ಯಾಂಕುಗಳು ಹೇಗೆ ಪರಿಶೀಲಿಸಬೇಕು, ಹೇಗೆ ಕಣ್ಣಿಡಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ನಿರ್ದೇಶನ ಹೊರಡಿಸಿತು. ಅದು ಜಾರಿಗೆ ಬರುವ ದಿನ 2026ರ ಜನವರಿ 1. ಎಲ್ಲ ಸರಿ. ಆದರೆ ಅಷ್ಟರಲ್ಲಿ ಡೌನ್‌ಲೋಡ್ ಆಗಿಹೋದ ಪತ್ರಗಳನ್ನು ವಾಪಸ್ ತರಲು ಆಗುವುದಿಲ್ಲ. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ಕಾರ್ಡ್ ಹೋದರೆ ಬ್ಲಾಕ್ ಮಾಡಿಸಿ ಹೊಸದು ತರಿಸಬಹುದು. ಬೆರಳು ಇರುವುದು ಹತ್ತೇ.

ಖಾಸಗಿತನ ಹಕ್ಕಾದ ಬಗೆ

ಖಾಸಗಿತನ ಈ ದೇಶದಲ್ಲಿ ಮೂಲಭೂತ ಹಕ್ಕು ಎಂದು ಸ್ಪಷ್ಟವಾದದ್ದು ಒಬ್ಬ ಬೆಂಗಳೂರಿಗರ ಹಟದಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ಆಧಾರ್‌ಗೆ ಸಂಸತ್ತು ಒಪ್ಪಿದ ಕಾನೂನೇ ಆಗ ಇರಲಿಲ್ಲ, ನೋಂದಣಿ ಮಾತ್ರ ಭರದಿಂದ ಸಾಗಿತ್ತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು 2015ರಲ್ಲಿ ಕೇಂದ್ರ ಸರ್ಕಾರದ ಪರ ಅಟಾರ್ನಿ ಜನರಲ್ ವಾದಿಸಿದರು. ಅದಕ್ಕೆ ಅವರು ಆಸರೆ ತೆಗೆದುಕೊಂಡದ್ದು 1954 ಮತ್ತು 1962ರ ಎರಡು ಹಳೆಯ ತೀರ್ಪುಗಳನ್ನು. ಹಳೆಯ ಪೀಠಗಳಲ್ಲಿ ಒಂದು ಎಂಟು ಜನರದ್ದಾಗಿತ್ತು. ಹಾಗಾಗಿ ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು, ಸಂವಿಧಾನದ 21ನೇ ವಿಧಿ ಕೊಡುವ ಬದುಕಿನ ಹಕ್ಕಿನಲ್ಲೇ ಅದು ಸೇರಿದೆ. ಆ ಪೀಠದಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. ಪುಟ್ಟಸ್ವಾಮಿ ಅವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಅವರ ಹೆಸರು ಹೇಳುತ್ತಾರೆ. ನಮ್ಮಲ್ಲೇ ಅವರನ್ನು ನೆನೆಯುವವರು ಕಡಿಮೆ.

ಆ ತೀರ್ಪಿನ ಒಂದು ಭಾಗ ನಮ್ಮ ವಿಷಯಕ್ಕೆ ತುಂಬ ಹತ್ತಿರದ್ದು. ಸರ್ಕಾರ ಒಬ್ಬರ ಖಾಸಗಿತನದೊಳಗೆ ಕೈ ಹಾಕಬೇಕಾದರೆ ಮೂರು ಪ್ರಶ್ನೆಗೆ ಉತ್ತರ ಇರಬೇಕು. ಅದಕ್ಕೆ ಕಾನೂನು ಇದೆಯಾ? ಉದ್ದೇಶ ನ್ಯಾಯವಾದದ್ದಾ? ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ತೆಗೆದುಕೊಳ್ಳುತ್ತಿದ್ದೀರಾ? ಕ್ರಯಪತ್ರದ ವಿಷಯದಲ್ಲಿ ಮೊದಲ ಎರಡಕ್ಕೆ ಉತ್ತರ ಇದೆ. ಸೋತದ್ದು ಮೂರನೆಯದರಲ್ಲಿ. ಬೆರಳಚ್ಚು ಇಲಾಖೆಯ ಹತ್ತಿರ ಇರಬೇಕು ಸರಿ. ಇಸಿ ನೋಡುವವರಿಗೆ, ನಕಲು ತೆಗೆಯುವವರಿಗೆ ಅದು ಯಾಕೆ ಕಾಣಬೇಕು? ಜಮೀನಿನ ಚೆಕ್ಕುಬಂದಿ ಬೇಕು, ಮಾಲೀಕರ ಹೆಸರು ಬೇಕು, ಮೊತ್ತ ಬೇಕು. ಹೆಬ್ಬೆಟ್ಟು ಬೇಡ, ಹನ್ನೆರಡು ಅಂಕಿಯ ಆಧಾರ್ ಅಂತೂ ಬೇಡವೇ ಬೇಡ.

ಹೊಸ ಕಾನೂನು ಯಾರ ಕೈ ಹಿಡಿಯುತ್ತದೆ?

ತೀರ್ಪಿನ ನಂತರ ಕಾನೂನು ಬರಲು ಆರು ವರ್ಷ ಹಿಡಿಯಿತು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕರಡು ಕೊಟ್ಟಿತು. 2019ರಲ್ಲಿ ಒಂದು ಮಸೂದೆ ಬಂತು, ಜಂಟಿ ಸಂಸದೀಯ ಸಮಿತಿಗೆ ಹೋಯಿತು, 2022ರಲ್ಲಿ ವಾಪಸ್ ಆಯಿತು. ಕೊನೆಗೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪಾಸಾಯಿತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಆಗಲೂ ಪೂರ್ತಿ ಜಾರಿಯಾಗಲಿಲ್ಲ. ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ಭಾಗ ತಕ್ಷಣ ಜಾರಿಗೆ ಬಂತು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ 18 ತಿಂಗಳ ಸಮಯ ಕೊಟ್ಟರು. ಅಂದರೆ 2027ರ ಮೇ.

ಕಾಯ್ದೆಯಲ್ಲಿ ಮೆಚ್ಚುವ ಅಂಶಗಳಿವೆ. ಯಾವ ಕೆಲಸಕ್ಕೆ ಎಷ್ಟು ಮಾಹಿತಿ ಬೇಕೋ ಅಷ್ಟಕ್ಕೆ ಮಾತ್ರ ಒಪ್ಪಿಗೆ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ಆನ್‌ಲೈನ್‌ನಲ್ಲಿ ಡಾಕ್ಟರನ್ನು ನೋಡುವ ಆ್ಯಪ್ ಒಂದು ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿತು, ನೀವು ಎರಡಕ್ಕೂ ಹೂಂ ಅಂದಿರಿ. ಆದರೂ ಆ ಒಪ್ಪಿಗೆ ಚಿಕಿತ್ಸೆಗೆ ಬೇಕಾದ ಮಾಹಿತಿಗಷ್ಟೇ ಅನ್ವಯ. ಕಾಂಟ್ಯಾಕ್ಟ್ ಪಟ್ಟಿಗೆ ಅಲ್ಲ. ಇದು ದೊಡ್ಡ ಮಾತು. 'ನೀವೇ ಒಪ್ಪಿದ್ದೀರಲ್ಲ' ಎಂದು ಕಂಪನಿ ನುಣುಚಿಕೊಳ್ಳಲು ಆಗುವುದಿಲ್ಲ. ಮಾಹಿತಿ ಸೋರಿದರೆ ನಮಗೆ ತಡಮಾಡದೆ ತಿಳಿಸಬೇಕು, ಮಂಡಳಿಗೆ 72 ಗಂಟೆಯೊಳಗೆ ವಿವರ ಕೊಡಬೇಕು. ಭದ್ರತೆಯಲ್ಲಿ ಎಡವಿದರೆ 250 ಕೋಟಿ ರೂಪಾಯಿವರೆಗೆ ದಂಡ. ಇನ್ನೊಂದು, ಒಪ್ಪಿಗೆ ಕೇಳುವ ನೋಟಿಸ್ ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ನಮಗೆ ಬೇಕಾದದ್ದರಲ್ಲಿ ಓದಲು ಸಿಗಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಜಾರಿಗೆ ಬಂದ ದಿನದಿಂದ ಕನ್ನಡದ ನೋಟಿಸ್ ಕೊಡಿ ಎಂದು ಕೇಳುವುದು ಅಭಿಮಾನದ ಮಾತಾಗಿ ಉಳಿಯುವುದಿಲ್ಲ, ಕಾನೂನಿನ ಹಕ್ಕಾಗುತ್ತದೆ. (ಅನುವಾದ ಓದುವಂತಿರುತ್ತದೆಯೇ ಅನ್ನುವುದು ಬೇರೆ ಮಾತು.)

ಈಗ ನಮ್ಮ ಕ್ರಯಪತ್ರದವರನ್ನು ಈ ಕಾಯ್ದೆಯ ಮುಂದೆ ನಿಲ್ಲಿಸಿ ನೋಡೋಣ.

ಅವರು ಬೆರಳಚ್ಚು ಕೊಟ್ಟದ್ದು ಸರ್ಕಾರಿ ಇಲಾಖೆಗೆ, ಕಾನೂನಿನ ಪ್ರಕಾರ. ಕಾನೂನು ಒಪ್ಪಿಸಿದ ಕೆಲಸಕ್ಕೆ ಸರ್ಕಾರ ಮಾಹಿತಿ ಬಳಸುವಾಗ ನಮ್ಮ ಒಪ್ಪಿಗೆ ಬೇಕಿಲ್ಲ. ಇದು ಅರ್ಥವಾಗುವಂಥದ್ದೇ, ಎಲ್ಲದಕ್ಕೂ ಸಹಿ ಕೇಳುತ್ತ ಕೂತರೆ ಆಡಳಿತ ನಡೆಯುವುದಿಲ್ಲ. ಆದರೆ ಮೂರನೇ ಸೆಕ್ಷನ್‌ನಲ್ಲಿ ಒಂದು ಸಾಲು ಇದೆ. ಕಾನೂನಿನ ಹೊಣೆಯಿಂದಾಗಿ ಯಾರಾದರೂ ಸಾರ್ವಜನಿಕವಾಗಿ ಲಭ್ಯ ಮಾಡಿದ ವೈಯಕ್ತಿಕ ಮಾಹಿತಿಗೆ ಈ ಕಾಯ್ದೆ ಅನ್ವಯವೇ ಆಗುವುದಿಲ್ಲ. ನೋಂದಾಯಿತ ಕ್ರಯಪತ್ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಎಲ್ಲರಿಗೂ ತೆರೆದ ದಾಖಲೆ. ಹಾಗಿದ್ದ ಮೇಲೆ ಕಾಯ್ದೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಇಲಾಖೆಯ ಲಾಯರ್ ವಾದಿಸಲು ಸಾಕಷ್ಟು ಜಾಗ ಇದೆ. ಪತ್ರ ಸಾರ್ವಜನಿಕ, ಬೆರಳಚ್ಚು ಅಲ್ಲ ಎಂದು ಎದುರು ವಾದ ಹೂಡಬಹುದು. ಆ ವಾದ ಗೆಲ್ಲಬೇಕು ಅನ್ನುವುದು ನನ್ನ ಆಸೆ. ಆದರೆ ಹಣ ಕಳೆದುಕೊಂಡವರು ಮೊದಲು ದಾಟಬೇಕಾದ ಹೊಳೆಯೇ ಇಷ್ಟು ಆಳ ಇರಬಾರದಿತ್ತು.

ವಾದ ಗೆದ್ದರು ಅಂತಲೇ ಇಟ್ಟುಕೊಳ್ಳಿ. ದಂಡ ಬಿತ್ತು. ಆ ಹಣ ಯಾರಿಗೆ? ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರದ ಖಜಾನೆಗೆ. ಹೆಬ್ಬೆಟ್ಟು ಕಳೆದುಕೊಂಡವರಿಗೆ ಈ ಕಾಯ್ದೆಯಡಿ ಒಂದು ರೂಪಾಯಿಯೂ ಇಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್‌ನಲ್ಲಿ ಪರಿಹಾರ ಕೇಳುವ ದಾರಿ ಇತ್ತು. ಸೂಕ್ಷ್ಮ ಮಾಹಿತಿಯನ್ನು ಸರಿಯಾಗಿ ಕಾಪಾಡದ ಕಂಪನಿ ನಷ್ಟವಾದವರಿಗೆ ಪರಿಹಾರ ಕೊಡಬೇಕಿತ್ತು. ಬೆರಳಚ್ಚು ಆ ಸೂಕ್ಷ್ಮ ಮಾಹಿತಿಯ ಪಟ್ಟಿಯಲ್ಲಿದೆ. ಆ ಸೆಕ್ಷನ್ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಸರ್ಕಾರಿ ಇಲಾಖೆಗೆ ಅಲ್ಲ. ಆದರೂ ದಾರಿ ಅಂತ ಒಂದಿತ್ತು. ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಅದನ್ನೂ ತೆಗೆದುಹಾಕುತ್ತದೆ. ಇದಕ್ಕೆ ಕೊಟ್ಟ ಯಾವ ಸಮರ್ಥನೆಯೂ ನನಗೆ ಒಪ್ಪಿಗೆಯಾಗಿಲ್ಲ. ಇದೇ ಕಾಯ್ದೆಯಲ್ಲಿ ನಾಗರಿಕರಿಗೂ ಕರ್ತವ್ಯಗಳಿವೆ. ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟರೆ ಹತ್ತು ಸಾವಿರ ರೂಪಾಯಿವರೆಗೆ ದಂಡ ಕಟ್ಟಬೇಕು. ನಮ್ಮಿಂದ ವಸೂಲಿಗೆ ಅವಕಾಶ ಇದೆ, ನಮಗೆ ಕೊಡಲು ಇಲ್ಲ.

ಮಾಹಿತಿ ಹಕ್ಕಿನ ಕಾಯ್ದೆಗೂ ಇದೇ ಕಾಯ್ದೆ ಕೈ ಹಾಕಿತು. ಆರ್‌ಟಿಐ ಕಾಯ್ದೆಯ 8(1)(ಜೆ) ಪ್ರಕಾರ ಮೊದಲು ವೈಯಕ್ತಿಕ ಮಾಹಿತಿಯನ್ನೂ ಸಾರ್ವಜನಿಕ ಹಿತ ಇದ್ದರೆ ಕೊಡಬೇಕಿತ್ತು. ಈಗ ವೈಯಕ್ತಿಕ ಅಂದರೆ ಅಲ್ಲಿಗೆ ಮುಗಿಯಿತು. 8(2) ಇನ್ನೂ ಇದೆಯಲ್ಲ, ಸಾರ್ವಜನಿಕ ಹಿತದ ಮಾತು ಅಲ್ಲಿ ಬರುತ್ತದೆ ಎಂದು ಸರ್ಕಾರ ಹೇಳುತ್ತದೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತವನಿಗೆ ಆ ವಾದ ಎಷ್ಟು ನೆರವಾಗುತ್ತದೋ ನೋಡಬೇಕು. ಮುಖ್ಯ ಹೊಣೆಗಳಿಗೆ 18 ತಿಂಗಳು ಕಾಯಬೇಕು ಅಂದೆನಲ್ಲ, ಈ ತಿದ್ದುಪಡಿಗೆ ಒಂದು ದಿನವೂ ಕಾಯಲಿಲ್ಲ. 2025ರ ನವೆಂಬರ್‌ನಲ್ಲೇ ಜಾರಿಯಾಯಿತು. ಇದು ಆಕಸ್ಮಿಕ ಅಂತ ನಂಬಲು ನನಗೆ ಕಷ್ಟ.

ಜೆರಾಕ್ಸ್ ಅಂಗಡಿಯ ಕಂಪ್ಯೂಟರ್

ದೊಡ್ಡ ಸರ್ವರುಗಳ ಸೋರಿಕೆ ಸುದ್ದಿಯಾಗುತ್ತದೆ. ಆದರೆ ನಮ್ಮ ಮಾಹಿತಿ ದಿನವೂ ಸೋರುವುದು ಸಣ್ಣ ಜಾಗಗಳಿಂದ. ಯಾವುದೇ ಊರಿನ ಜೆರಾಕ್ಸ್ ಅಂಗಡಿ ತೆಗೆದುಕೊಳ್ಳಿ. ಆಧಾರ್, ಪಾನ್, ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಪಹಣಿ ಎಲ್ಲವನ್ನೂ ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳಿಸುತ್ತೇವೆ. ಅವರು ಡೆಸ್ಕ್‌ಟಾಪ್‌ಗೆ ಇಳಿಸಿ ಪ್ರಿಂಟ್ ಕೊಡುತ್ತಾರೆ. ಫೈಲು ಅಲ್ಲೇ ಉಳಿಯುತ್ತದೆ. ಅವರೇನೂ ಕಳ್ಳರಲ್ಲ, ಪುರುಸೊತ್ತಿಲ್ಲ ಅಷ್ಟೆ. ಆ ಕಂಪ್ಯೂಟರಿಗೆ ಪಾಸ್‌ವರ್ಡೂ ಇರುವುದಿಲ್ಲ, ಪಕ್ಕದ ಹುಡುಗ ಬಂದು ಕೂತು ಅರ್ಜಿ ತುಂಬುತ್ತಾನೆ. ಗ್ಯಾರಂಟಿ ಯೋಜನೆಗಳ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಪರೀಕ್ಷೆಯ ಅರ್ಜಿ ಅಂತ ಇಡೀ ಹೋಬಳಿಯ ಗುರುತಿನ ಚೀಟಿಗಳು ಒಂದೇ ಫೋಲ್ಡರ್‌ನಲ್ಲಿ ಸೇರಿರುತ್ತವೆ. 250 ಕೋಟಿಯ ದಂಡ ಈ ಅಂಗಡಿಯನ್ನು ಹೆದರಿಸುವುದಿಲ್ಲ, ಹೆದರಿಸಲೂಬಾರದು. ಕೇಳಬೇಕಾದ ಪ್ರಶ್ನೆ ಬೇರೆ. ಈಗಾಗಲೇ ಸರ್ಕಾರದ ಹತ್ತಿರ ಇರುವ ದಾಖಲೆಯನ್ನು ಸರ್ಕಾರದ ಇನ್ನೊಂದು ಕಚೇರಿ ಮತ್ತೆ ಜೆರಾಕ್ಸ್ ಮಾಡಿಸಿ ತನ್ನಿ ಅನ್ನುವುದು ಯಾಕೆ?

2022ರ ಮೇ ತಿಂಗಳಲ್ಲಿ ಒಂದು ತಮಾಷೆ ನಡೆಯಿತು. ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು: ಆಧಾರ್ ಜೆರಾಕ್ಸನ್ನು ಎಲ್ಲೆಂದರಲ್ಲಿ ಕೊಡಬೇಡಿ, ದುರ್ಬಳಕೆ ಆಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಲೈಸೆನ್ಸ್ ಇಲ್ಲದ ಹೋಟೆಲು, ಸಿನಿಮಾ ಮಂದಿರಗಳು ಆಧಾರ್ ಪ್ರತಿ ಇಟ್ಟುಕೊಳ್ಳುವಂತಿಲ್ಲ. ಎಷ್ಟು ಸರಿಯಾದ ಮಾತು! ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಪ್ರಕಟಣೆಯನ್ನು ವಾಪಸ್ ತೆಗೆದುಕೊಂಡಿತು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಾಧ್ಯತೆ ಇದೆ, ಸಾಮಾನ್ಯ ವಿವೇಚನೆ ಬಳಸಿದರೆ ಸಾಕು ಎಂಬ ವಿವರಣೆ ಬಂತು. ಲಾಡ್ಜಿನ ಕೌಂಟರಿನಲ್ಲಿ ಇವತ್ತಿಗೂ ಇಡೀ ಆಧಾರ್ ಪ್ರತಿಯನ್ನೇ ಕೇಳುತ್ತಾರೆ.

ಫೋನ್ ನಂಬರಿನದ್ದೂ ಇದೇ ಕಥೆ. ಅಂಗಡಿಯಲ್ಲಿ ಬಿಲ್ ಹಾಕುವ ಮುಂಚೆ ನಂಬರ್ ಹೇಳಿ ಅನ್ನುತ್ತಾರೆ. ನಂಬರ್ ಕೊಡದಿದ್ದರೆ ವಸ್ತು ಕೊಡುವುದಿಲ್ಲ ಅನ್ನುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಚಿಲ್ಲರೆ ಅಂಗಡಿಗಳಿಗೆ ಸೂಚನೆ ಕಳಿಸಿದೆ. 'ಇಲ್ಲ, ಬಿಲ್ ಪ್ರಿಂಟ್ ಕೊಡಿ' ಅಂದರೆ ಸಾಮಾನ್ಯವಾಗಿ ಕೊಡುತ್ತಾರೆ. ಹಿಂದೆ ನಿಂತವರು ಒಮ್ಮೆ ಗುರಾಯಿಸಬಹುದು, ಪರವಾಗಿಲ್ಲ.

ಮೂಲದಲ್ಲೇ ತಡೆದರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಸಾಲದ ಆ್ಯಪ್‌ಗಳನ್ನು ನೋಡಿ. ಕೆಲವು ವರ್ಷದ ಹಿಂದೆ ಈ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್, ಫೋಟೋ ಎಲ್ಲ ಹೀರಿಕೊಂಡು, ಕಂತು ತಪ್ಪಿದರೆ ಅತ್ತೆ ಮನೆಗೂ ಆಫೀಸಿಗೂ ಫೋನ್ ಮಾಡಿ ಮಾನ ಕಳೆಯುತ್ತಿದ್ದವು. ಸಾಲ ತೀರಿಸಲಾಗದೆ ಅಲ್ಲ, ಆ ಅವಮಾನ ತಾಳಲಾಗದೆ ಜೀವ ಕಳೆದುಕೊಂಡವರಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಮಾರ್ಗಸೂಚಿ ತಂದಿತು: ಸಾಲದ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿ, ಕರೆ ದಾಖಲೆ, ಫೋನಿನ ಫೈಲು ಮುಟ್ಟುವಂತಿಲ್ಲ. ಕ್ಯಾಮೆರಾ, ಮೈಕ್, ಲೊಕೇಶನ್ ಮಾತ್ರ ಒಂದು ಸಲ, ಗುರುತು ಪರಿಶೀಲನೆಗೆ, ಅದೂ ಒಪ್ಪಿಗೆ ಪಡೆದು. ರಿಸರ್ವ್ ಬ್ಯಾಂಕಿನ ಹಿಡಿತಕ್ಕೆ ಸಿಗದ ಕಳ್ಳ ಆ್ಯಪ್‌ಗಳು ಇನ್ನೂ ಇವೆ, ನಿಜ. ಆದರೆ ಇಲ್ಲಿ ಹೊಣೆ ಹೊತ್ತದ್ದು ತೆಗೆದುಕೊಳ್ಳುವವರು, ಕೊಡುವವರಲ್ಲ. ಕಂಪನಿಯ ಹತ್ತಿರ ಇಲ್ಲದ ಕಾಂಟ್ಯಾಕ್ಟ್ ಪಟ್ಟಿಯನ್ನು ಯಾರೂ ಕದಿಯಲಾರರು.

ಸದ್ಯಕ್ಕೆ ಕೈಯಲ್ಲಿರುವುದು

ಕಾನೂನು ಸರಿಯಾಗುವವರೆಗೆ ಏನು ಮಾಡಬಹುದು ಅಂತ ಕೇಳಿದರೆ ನಾನು ಮೊದಲು ಹೇಳುವುದು ಬಯೋಮೆಟ್ರಿಕ್ ಲಾಕ್. ಎಂಆಧಾರ್ ಆ್ಯಪ್‌ನಲ್ಲೋ ಯುಐಡಿಎಐನ ಮೈಆಧಾರ್ ವೆಬ್‌ಸೈಟಿನಲ್ಲೋ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಬೀಗ ಹಾಕಿಡಬಹುದು. ಹಾಕಿದರೆ ಯಾರು ಎಲ್ಲಿ ಅಚ್ಚು ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ನಮಗೇ ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು. ಆದರೆ ಈ ಸಲಹೆ ಎಲ್ಲರಿಗೂ ಹೊಂದುವುದಿಲ್ಲ. ಬೀಗ ಹಾಕಿದರೆ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ. ಪ್ರತಿ ತಿಂಗಳು ಅಲ್ಲಿ ಬೆರಳಿಟ್ಟು ಅಕ್ಕಿ ತರುವ, ಬ್ಯಾಂಕ್ ಮಿತ್ರರ ಹತ್ತಿರ ಪಿಂಚಣಿ ತೆಗೆಯುವ, ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ ಲಾಕ್ ಮಾಡಿಕೊಳ್ಳಿ ಅನ್ನುವುದು ಸುಮ್ನೆ ಬಾಯಿಮಾತು. ರಕ್ಷಣೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ದಕ್ಕುವುದಿಲ್ಲ. ಅಂಥವರ ಮನೆಯ ಮಕ್ಕಳು ಮಾಡಬಹುದಾದದ್ದು, ಅದೇ ವೆಬ್‌ಸೈಟಿನಲ್ಲಿ ಅವರ ಆಧಾರ್ ಕಳೆದ 6 ತಿಂಗಳಲ್ಲಿ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಆಗಾಗ ನೋಡುತ್ತಿರುವುದು. ಎಇಪಿಎಸ್ ಬೇಡವೇ ಬೇಡ ಅನ್ನುವವರು ತಮ್ಮ ಬ್ಯಾಂಕಿಗೆ ಬರೆದು ಕೊಟ್ಟು ಆ ಸೌಲಭ್ಯ ನಿಲ್ಲಿಸಲು ಕೇಳಬಹುದು.

ಹಣ ಹೋಗಿಯೇಬಿಟ್ಟಿದ್ದರೆ ಲೆಕ್ಕ ದಿನಗಳದ್ದು. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಜೊತೆಗೇ ಬ್ಯಾಂಕಿಗೆ ಲಿಖಿತ ದೂರು, ಅದಕ್ಕೆ ಸ್ವೀಕೃತಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗ್ರಾಹಕರ ಪರವಾಗಿದೆ. ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕರದ್ದೂ ಅಲ್ಲ, ನಡುವೆ ಎಲ್ಲೋ ಆಗಿದೆ ಅಂದಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ಗ್ರಾಹಕರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನ ಆದರೆ ಮಿತಿಯೊಳಗಿನ ಹೊಣೆ. ಆಮೇಲೆ ಬ್ಯಾಂಕಿನ ನೀತಿ ಹೇಳಿದಂತೆ. ದೂರು ಕೊಟ್ಟ 10 ಕೆಲಸದ ದಿನದೊಳಗೆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. ತಪ್ಪು ಗ್ರಾಹಕರದ್ದು ಎಂದು ತೋರಿಸುವ ಭಾರವೂ ಬ್ಯಾಂಕಿನದ್ದೇ. 'ಬೆರಳು ನಿಮ್ಮದೇ ಅಲ್ವಾ' ಎಂದು ಕೌಂಟರಿನಲ್ಲಿ ಯಾರಾದರೂ ಅಂದರೆ ಈ ಸುತ್ತೋಲೆಯ ದಿನಾಂಕ ಹೇಳಿ.

ರಾಜ್ಯ ಸರ್ಕಾರ ಮಾತ್ರ ಮಾಡಬಹುದಾದ ಒಂದು ಕೆಲಸವೂ ಇದೆ. ಅದಕ್ಕೆ ದೆಹಲಿಯ ಮಂಡಳಿಯನ್ನು ಕಾಯಬೇಕಿಲ್ಲ. ಜನರ ಬೆರಳಚ್ಚು, ಆಧಾರ್, ಫೋಟೋ ಹಿಡಿದಿಟ್ಟುಕೊಂಡ ಪ್ರತಿ ಇಲಾಖೆಯೂ ತನ್ನ ಆನ್‌ಲೈನ್ ಪುಟಗಳಲ್ಲಿ ಯಾರಿಗೆ ಏನು ಕಾಣುತ್ತಿದೆ ಎಂದು ಒಮ್ಮೆ ಪಟ್ಟಿ ಮಾಡಲಿ. ಪ್ರತಿ ಕಲಮಿನ ಎದುರು ಒಂದೇ ಪ್ರಶ್ನೆ: ನೋಡುವವರಿಗೆ ಇದು ಬೇಕಾ? ಪಹಣಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದಲ್ಲಿ ಈಗಾಗಲೇ ನಡೆದಿದೆ. ಈ ಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡಬಹುದು.